ಇಲ್ಲದ ಬೇವಿನ ಗಿಡದ ನೆರಳು

ನಂಬಲಾಗದ ಸಂಗತಿಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಾನು ನಡುವೆಯೇ ಬಾಯಿ ಹಾಕುವವನು. ನೀವೇ ಕಂಡದ್ದೋ, ಯಾರೋ ಹೇಳಿದ್ದೋ ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಈಗ ಬರೆಯುತ್ತಿರುವುದು ನಾನೇ ಕಂಡದ್ದು. ಆದರೂ ಬರೆಯಲು ಹಿಂಜರಿಕೆ ಇದೆ. ಭಯದಿಂದಲ್ಲ, ನಾಚಿಕೆಯಿಂದ.

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ನನ್ನ ಸ್ವಂತ ಚಿತ್ರಗಳೆಲ್ಲ ಮರಳುಗಾಡಿನವು. ಮರಳುಗಾಡನ್ನು ನಾನು ನೋಡಿಲ್ಲ. ಕಮಲಾಪುರದ ಆಚೆ ಕೆಂಪು ನೆಲದ ಬಯಲುಗಳಿವೆ. ಬೇಸಿಗೆಯಲ್ಲಿ ಅಲ್ಲಿ ಕೂತು ನೋಡುತ್ತೇನೆ, ಫೋನಿನಲ್ಲಿ ಫೋಟೊ ತೆಗೆದುಕೊಳ್ಳುತ್ತೇನೆ, ಮನೆಗೆ ಬಂದು ಬಿಡಿಸುತ್ತೇನೆ. ಕೆಂಪನ್ನು ಕಿತ್ತಳೆಗೆ ಏರಿಸುವುದು, ದಿಬ್ಬಗಳಿಗೆ ಗುಲಾಬಿ, ತಗ್ಗುಗಳಿಗೆ ನೇರಳೆ. ಕರೆಂಟಿನ ಕಂಬ, ಗಿಡ, ಗುಡಿಸಲು, ದನ, ಮನುಷ್ಯರು, ಎಲ್ಲವನ್ನೂ ಬಿಟ್ಟುಬಿಡುತ್ತೇನೆ. ಇದು ರಾಜಸ್ಥಾನವೇ ಎಂದು ಕೇಳಿದವರಿಗೆ ಹೌದೆಂದೇ ಹೇಳುತ್ತಿದ್ದೆ. ಕಮಲಾಪುರ ಎಂದರೆ ಅವರ ಮುಖ ಸಪ್ಪಗಾಗುತ್ತಿತ್ತು.

ಅಂಥದೊಂದು ಚಿತ್ರವನ್ನು ನಮ್ಮ ಓಣಿಯ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನಲ್ಲಿ ಹಾಕಿಕೊಂಡಿದ್ದರು. ಒಂದು ದಿನ ಹಲ್ಲುನೋವೆಂದು ಹೋದಾಗ, ಅಲ್ಲಿಗೆ ಹೊಸದಾಗಿ ಸೇರಿದ್ದ ನರ್ಸ್ ಮಹಾದೇವಿಯವರು ಚಿತ್ರದ ಮುಂದೆ ನಿಂತಿದ್ದರು. ಐವತ್ತು ದಾಟಿದ ಹೆಂಗಸು. ಡಾಕ್ಟರು ಒಳಗಿನಿಂದ ಕರೆದರೂ ಅಲುಗಲಿಲ್ಲ.

"ಸರ, ಇದು ನೀವೇ ತೆಗ್ದಿದ್ದೇನ್ರಿ?" ಎಂದರು. ಹೌದೆಂದೆ.

"ಯಾವೂರ್ದು?"

"ರಾಜಸ್ಥಾನದ್ದ್ರಿ."

"ನಮ್ಮಪ್ಪನ ಹೊಲ ರಾಜಸ್ಥಾನಕ್ಕ ಯಾವಾಗ ಹೋತ್ರಿ?"

ಕಾಯುತ್ತಿದ್ದ ಇಬ್ಬರು ನಕ್ಕರು. ನಾನೂ ನಕ್ಕೆ. ಅವರು ನಗಲಿಲ್ಲ. ಚಿತ್ರದ ನಡುವೆ ನೆಲದ ಮೇಲೆ ಒಂದು ನೇರಳೆ ಗೆರೆಯಿತ್ತು, ಕವಲೊಡೆದದ್ದು. ಅದನ್ನು ನಾನು ಒಣಗಿದ ಹಳ್ಳ ಎಂದುಕೊಂಡಿದ್ದೆ. ಕೇಳಿದವರಿಗೂ ಹಾಗೆಯೇ ಹೇಳಿದ್ದೆ. ಮಹಾದೇವಿಯವರು ಅದರ ಮೇಲೆ ಬೆರಳಿಟ್ಟು, "ಇದು ನಮ್ಮ ಬೇವಿನ ಗಿಡದ ನೆಳ್ಳು" ಎಂದರು.

ಅವರು ಹಾಗೆಂದ ಮೇಲೆ ನನಗೆ ಅದು ಹಳ್ಳವಾಗಿ ಕಾಣಲೇ ಇಲ್ಲ. ಬುಡದಲ್ಲೇ ಎರಡಾಗಿ ಸೀಳಿದ ಬೊಡ್ಡೆ, ಮೊಣಕೈಯಂತೆ ಬಾಗಿದ ಒಂದು ಕೊಂಬೆ, ಆಮೇಲೆ ಎಲೆಗಳ ಹರವು. ನೆರಳು ಸರಿಯಾಗಿ ಮೂಡಣಕ್ಕೆ ಬಿದ್ದಿತ್ತು, ಮಧ್ಯಾಹ್ನ ಇಳಿದ ಮೇಲಿನ ಬಿಸಿಲಿನಲ್ಲಿ ಬೀಳುವ ಹಾಗೆ. ಗಿಡ ಮಾತ್ರ ಇರಲಿಲ್ಲ.

ಮನೆಗೆ ಬಂದು ಫೋನಿನಲ್ಲಿದ್ದ ಆ ಬಯಲಿನ ಫೋಟೊ ಹುಡುಕಿ ನೋಡಿದೆ. ಅದರಲ್ಲಿ ಇದ್ದುದು ಬರೀ ಕೆಂಪು ನೆಲ. ಹಳ್ಳವೂ ಇಲ್ಲ, ನೆರಳೂ ಇಲ್ಲ. ಚಿತ್ರದ ಮಿಕ್ಕ ಬಣ್ಣಗಳನ್ನು ಹೇಗೆ ಕಲಸಿದೆ, ಯಾವುದರ ಮೇಲೆ ಯಾವುದನ್ನು ಹಚ್ಚಿದೆ ಎಂಬುದು ನೆನಪಿದೆ. ಆ ಗೆರೆ ಎಳೆದದ್ದು ನೆನಪಿಲ್ಲ.

ಅಂದು ಸಂಜೆ ಮಹಾದೇವಿಯವರು ಮನೆಗೆ ಬಂದು ನನ್ನ ಹೆಂಡತಿಯ ಎದುರಿಗೆ ವಿಷಯ ಹೇಳಿದರು. ಚೊಚ್ಚಲ ಹೆರಿಗೆಗೆ ಅವರು ಕಮಲಾಪುರದ ತವರಿಗೆ ಹೋಗಿದ್ದರು. ಹೆಣ್ಣು ಕೂಸು, ಹೆಸರಿಡುವ ಮೊದಲೇ ತೀರಿಕೊಂಡಿತು. ಮಣ್ಣು ಮಾಡುವಲ್ಲಿಗೆ ಹೆಂಗಸರನ್ನು ಕರೆದೊಯ್ಯುವುದಿಲ್ಲ, ಅದೂ ಬಾಣಂತಿಯನ್ನು. ಅಷ್ಟು ಸಣ್ಣ ಕೂಸಿಗೆ ಕಲ್ಲನ್ನೂ ನಿಲ್ಲಿಸುವುದಿಲ್ಲ. ಅಪ್ಪ ಒಬ್ಬರೇ ಹೊಲದ ಬೇವಿನ ಗಿಡದ ಬುಡದಲ್ಲಿ ಹೂಳಿ ಬಂದರು. ತವರಿಗೆ ಹೋದಾಗಲೆಲ್ಲ ಮಾಳಿಗೆ ಹತ್ತಿ ಆ ಗಿಡವನ್ನು ನೋಡುತ್ತಿದ್ದೆ ಎಂದರು. ಅಪ್ಪ ಹೋದ ಮೇಲೆ ಹೊಲ ಮಾರಾಟವಾಯಿತು. ಕೊಂಡವರು ಗಿಡ ಕಡಿಸಿ, ಮುರುಮು ಮಣ್ಣು ಹಾಸಿ, ಸಮ ಮಾಡಿ ಬಿಟ್ಟರು. ನಾನು ಆ ಬಯಲನ್ನು ಮೊದಲ ಸಲ ನೋಡುವ ಹೊತ್ತಿಗೆ ಇದೆಲ್ಲ ಆಗಿ ಎಷ್ಟೋ ವರ್ಷಗಳಾಗಿದ್ದವು.

"ಜಾಗ ಯಾವ್ದಂತ ತಿಳದ್ರ ಸಾಕ್ರಿ," ಎಂದರು. "ಒಂದ್ ಬಟ್ಲ ಹಾಲ್ ಇಡ್ತೀನಿ. ನಮ್ಮವ್ವ ಎಲ್ಲಿ ಹೋದ್ಳಂತ ಅದು ಹುಡುಕಾಕತ್ತಿರಬಾರ್ದು ನೋಡ್ರಿ."

ಡಾಕ್ಟರನ್ನು ಕೇಳಿ ಚಿತ್ರ ಇಳಿಸಿಕೊಂಡು, ಭಾನುವಾರ ಚಾದರದಲ್ಲಿ ಸುತ್ತಿ ನಾನೂ ಮಹಾದೇವಿಯವರೂ ಬಸ್ಸಿನಲ್ಲಿ ಹೊರಟೆವು. "ಟಿ.ವಿ. ಆದ್ರ ಲಗೇಜ್ ಟಿಕೀಟ್ ಆಗ್ತದ ನೋಡ್ರಿ," ಎಂದ ಕಂಡಕ್ಟರ್.

"ಟಿ.ವಿ. ಅಲ್ಲಪಾ, ನಮ್ಮ ಹೊಲ ಅದ ಇದರಾಗ," ಎಂದರು ಮಹಾದೇವಿ. ಮಹಾಗಾಂವ ದಾಟುವವರೆಗೂ ಅವನು ಆ ಗಂಟನ್ನು ತಿರುಗಿ ತಿರುಗಿ ನೋಡುತ್ತಿದ್ದ.

ಆ ಬಯಲಿನಲ್ಲಿ ನಾನು ಹಿಂದೆ ಕೂತಿದ್ದ ಬಂಡೆ ಸಿಕ್ಕಿತು. ಚಿತ್ರವನ್ನು ತೊಡೆಯ ಮೇಲೆ ನಿಲ್ಲಿಸಿ, ಅದರೊಳಗಿನ ದಿಬ್ಬಗಳನ್ನು ಎದುರಿನ ದಿಬ್ಬಗಳಿಗೆ ಹೊಂದಿಸಿಕೊಂಡೆ. ಅವರು ಛತ್ರಿ ಹಿಡಿದು ನಡೆಯುತ್ತ ಹೋದರು. ಎಡಕ್ಕೆ, ಇನ್ನೂ ಮುಂದೆ, ತುಸು ಹಿಂದೆ ಎಂದು ನಾನು ಕೈ ಬೀಸುತ್ತಿದ್ದೆ. ನೆರಳಿನ ಬುಡ ಬರುವಲ್ಲಿ ಅವರು ನಿಂತಾಗ ಕೈ ಇಳಿಸಿದೆ. ಅಲ್ಲಿ ಏನೂ ಸಿಗದಿರಲಿ ಎಂದು ಆಗ ಮನಸ್ಸಿನಲ್ಲಿ ಬಯಸಿದೆ. ಅದನ್ನು ಮುಚ್ಚಿಡುವುದಿಲ್ಲ.

ಅವರು ಚೀಲದಿಂದ ಖುರ್ಪಿ ತೆಗೆದು ಅಗೆಯತೊಡಗಿದರು. ನಾನು ಹತ್ತಿರ ಹೋಗುವಷ್ಟರಲ್ಲಿ ಮುರುಮಿನ ಕೆಳಗೆ ಕಟ್ಟಿಗೆ ತಾಗಿತ್ತು. ಗರಗಸದಿಂದ ಕೊಯ್ದು ಕಪ್ಪಾದ ಬೊಡ್ಡೆ. ಒಂದರ ಪಕ್ಕದಲ್ಲಿ ಇನ್ನೊಂದು, ಬುಡ ಒಂದೇ. ಅವರು ಅದರ ಚೂರೊಂದನ್ನು ಕೆರೆದು ನಾಲಿಗೆಗೆ ಇಟ್ಟುಕೊಂಡು, "ಕಹಿ ಅದ," ಎಂದರು. ಆಮೇಲೆ ಸ್ಟೀಲಿನ ಡಬ್ಬಿಯಿಂದ ಬಟ್ಟಲಿಗೆ ಹಾಲು ಸುರಿದು ಅಲ್ಲಿ ಇಟ್ಟರು. ನನಗಿಂತ ಹಿರಿಯರಾದ ಅವರು ಬಂದು ನನ್ನ ಕಾಲು ಮುಟ್ಟಿದರು. ನಾನು ಹಿಂದೆ ಸರಿಯುವಷ್ಟರಲ್ಲಿ ಮುಟ್ಟಿಯಾಗಿತ್ತು.

ಅನುಮಾನ ಪಡಬಹುದಾದುದನ್ನೆಲ್ಲ ಪಟ್ಟಿದ್ದೇನೆ. ಚಿಕ್ಕವನಿದ್ದಾಗ ಬಸ್ಸಿನಿಂದ ಆ ಗಿಡವನ್ನು ನೋಡಿ ಮರೆತಿರಬಹುದೇ? ರಸ್ತೆಗೆ ಆ ಜಾಗ ಕಾಣುವುದಿಲ್ಲ, ದಿಬ್ಬ ಅಡ್ಡ ಬರುತ್ತದೆ. ಹೊಲಗಳಲ್ಲಿ ಬೇವಿನ ಬೊಡ್ಡೆಗಳು ಎಲ್ಲೆಂದರಲ್ಲಿ ಇರುತ್ತವೆ, ನಿಜ. ಆದರೆ ಬುಡದಲ್ಲೇ ಸೀಳಿದ್ದು, ಅದೇ ಜಾಗದಲ್ಲಿ?

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಪಕ್ಕದವರಿಗೆ ಕೇಳಿಸದಂತೆ, "ಸರ, ಆ ನೆಳ್ಳಾಗ ಮತ್ತೇನರ ಕಂಡಿತ್ತೇನ್ರಿ ನಿಮಗ?" ಎಂದು ಕೇಳಿದರು.

"ಇಲ್ರಿ. ನೆಳ್ಳು ಅಷ್ಟ ಕಂಡಿದ್ದು," ಎಂದೆ.

ನೆರಳಾದರೂ ನನಗೆಲ್ಲಿ ಕಂಡಿತ್ತು? ಅಲ್ಲಿ ನಾನು ಬಣ್ಣವನ್ನಷ್ಟೇ ನೋಡಿದ್ದೆ. ಆ ನೆಲದಲ್ಲಿ ಯಾರದೋ ಏನೋ ಇರಬಹುದೆಂಬ ಯೋಚನೆಯೂ ಬಂದಿರಲಿಲ್ಲ. ಅವರು ಮಾತ್ರ ತಲೆಯಾಡಿಸಿ, "ಇರ್ಲಿ ಬಿಡ್ರಿ, ಕೂಸು ಮಲಗಿರಬೇಕು," ಎಂದರು.

ಡಾಕ್ಟರಿಗೆ ಬೇರೆ ಚಿತ್ರ ಕೊಟ್ಟು, ಇದನ್ನು ಮಹಾದೇವಿಯವರಿಗೆ ಕೊಟ್ಟೆ. ಅವರ ಮನೆ ನಮ್ಮಿಂದ ದೂರವಿಲ್ಲ. ದಾರಿಯಲ್ಲಿ ಸಿಕ್ಕಾಗಲೆಲ್ಲ ಚಹಾಕ್ಕೆ ಕರೆಯುತ್ತಾರೆ, ನಾನು ಏನಾದರೊಂದು ನೆಪ ಹೇಳುತ್ತೇನೆ. ಹೋದರೆ ಆ ಚಿತ್ರದ ಮುಂದೆ ಕೂರಬೇಕು. ನಾನು ನೋಡಿದವನು ಎಂಬ ನಂಬಿಕೆಯಿಂದ ಅವರು ಆ ನೆರಳಿನಲ್ಲಿ ಇನ್ನೇನು ಕಂಡಿತ್ತೆಂದು ಮತ್ತೆ ಕೇಳುತ್ತಾರೆ.