ದೋಣಿ ತಾರಾನಾಥರ ನಾಯಕಿಯರು

ಹೆಜಮಾಡಿಯ ಕಡಲಬದಿಯಲ್ಲಿ ಮೇಲಕ್ಕೆಳೆದು ನಿಲ್ಲಿಸಿದ್ದ ದೋಣಿಯೊಂದಕ್ಕೆ ಒರಗಿ ನಾನು ಫೋನಿನಲ್ಲಿ ಮಾತಾಡಿದ್ದು ಎರಡೇ ನಿಮಿಷ. ಅಲ್ಲಿಂದ ಬಸ್ಸು ಹತ್ತಿ ಉಡುಪಿಗೆ ಹೋಗಿ, ಒಂದು ಸಭೆಯಲ್ಲಿ ಹಾಸ್ಯದ ಗಂಭೀರ ಹೊಣೆಗಾರಿಕೆಯ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಸಭಿಕರು ನಗಬಾರದ ಕಡೆಯಲ್ಲೆಲ್ಲ ನಕ್ಕರು. ಅದರಲ್ಲೂ ನಾನು ನೀರು ಕುಡಿಯಲು ತಿರುಗಿದಾಗ ಹೆಚ್ಚು ನಕ್ಕರು. ಕೊನೆಗೂ ಜನ ನನ್ನನ್ನು ಅರ್ಥ ಮಾಡಿಕೊಂಡರೆಂದು ಹಿಗ್ಗಿ ಮನೆಗೆ ಬಂದರೆ, ಹೆಂಡತಿ ನನ್ನ ಬಿಳಿ ಅಂಗಿ ಬಿಚ್ಚಿಸಿ ತೋರಿಸಿದಳು. ಬೆನ್ನ ಮೇಲೆ ಅಂಗೈಯಗಲದ ಒಂದು ಕಣ್ಣು, ರೆಪ್ಪೆ ಸಮೇತ, ಅಚ್ಚೊತ್ತಿತ್ತು.

ಮರುದಿನ ಅಂಗಿ ಹಿಡಿದುಕೊಂಡು ಜಗಳಕ್ಕೆ ಹೋದವನಿಗೆ ಸಿಕ್ಕಿದವರು ತಾರಾನಾಥ. ಅರವತ್ತರ ಹತ್ತಿರದ ವಯಸ್ಸು, ಬಲೆಯ ದಾರದಿಂದ ಕಿವಿಗೆ ಕಟ್ಟಿಕೊಂಡ ಕನ್ನಡಕ. ಅವರು ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿ, ದೋಣಿಯ ಎಡಗಣ್ಣು ಎಲ್ಲಿ ಹೋಯಿತೆಂದು ಬೆಳಗಿನಿಂದ ಹುಡುಕುತ್ತಿದ್ದೆ ಎಂದರು. ಜಗಳ ಅಲ್ಲಿಗೆ ಮುಗಿಯಿತು.

ನಲವತ್ತು ವರ್ಷಗಳಿಂದ ದೋಣಿಗಳಿಗೆ ಬಣ್ಣ ಬಳಿಯುವುದೇ ಅವರ ಕೆಲಸ. ಹೆಂಡತಿ ಹರಿಣಾಕ್ಷಿ ಕಾಪುವಿನಲ್ಲಿ ಮೀನು ಮಾರುತ್ತಾರೆ. ಮಳೆಗಾಲದಲ್ಲಿ ದೋಣಿಗಳು ದಡದಲ್ಲಿರುವಾಗ ತಾರಾನಾಥರು ಅವುಗಳ ಮೇಲೆ ಹೆಸರು, ಹೂಬಳ್ಳಿ, ದೇವಿಯರನ್ನು ಬಿಡಿಸುತ್ತಾರೆ. ಮುಂದಿನ ಮಳೆಗಾಲದೊಳಗೆ ಉಪ್ಪು, ಬಿಸಿಲು ಸೇರಿ ಎಲ್ಲವನ್ನೂ ತಿಂದುಹಾಕುತ್ತವೆ. ಕಳೆದ ವರ್ಷದ ಒಂದು ಚಿತ್ರವನ್ನೂ ತಾನು ಎರಡನೆಯ ಸಲ ನೋಡಿದ್ದಿಲ್ಲ ಎಂದು, ಬಸ್ಸು ತಪ್ಪಿದ ಸಂಗತಿ ಹೇಳುವಷ್ಟೇ ತಣ್ಣಗೆ ಅವರು ಹೇಳಿದ್ದರು.

ಅದೇ ವರ್ಷ ಕಾರ್ಕಳದಲ್ಲಿ ನಮ್ಮ ನಾಟಕ ಸಂಘದ ಸಭಾಂಗಣ ಎದ್ದಿತು. ನಾನು ಅದರ ಉಪಾಧ್ಯಕ್ಷ. ಅಂದರೆ ಬೇರೆ ಯಾರೂ ಒಪ್ಪದ ಕೆಲಸಕ್ಕೆ ಹೋಗಬೇಕಾದವನು. ಒಳಗೋಡೆಯ ಮೇಲೆ ಹಳೆಯ ಸಂಸ್ಕೃತ ನಾಟಕಗಳ ಮೂವರು ನಾಯಕಿಯರನ್ನು ಬಿಡಿಸಬೇಕೆಂದು ತೀರ್ಮಾನವಾದಾಗ ನಾನು ತಾರಾನಾಥರ ಹೆಸರು ಹೇಳಿದೆ. ಮಾಡಿನ ಕೆಳಗಿನ ಗೋಡೆ, ಉಪ್ಪುಗಾಳಿ ಇಲ್ಲ, ಐವತ್ತು ವರ್ಷ ಬಾಳುತ್ತದೆ ಎಂದಾಗ ಅವರು ಕನ್ನಡಕ ತೆಗೆದು ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿದರು.

ಮೊದಲ ದಿನವೇ ಎಡವಟ್ಟಾಯಿತು. ಗೋಡೆಯ ಈ ತುದಿಗೆ ಮೂವರನ್ನು ಗೆರೆಯಲ್ಲಿ ಬರೆದು, ಆ ತುದಿಗೆ ಅದೇ ಮೂವರನ್ನು ತಿರುಗಿಸಿ ಬರೆದಿದ್ದರು. ದೋಣಿಗೆ ಎರಡು ಬದಿ. ಕೈ ಅಭ್ಯಾಸ ಬಿಡಲಿಲ್ಲ. ಗೋಡೆಗೆ ಒಂದೇ ಬದಿ ಎಂದು ತಿಳಿಸಿಹೇಳಿದ ಮೇಲೆ ಮೂವರು ಕಡಿಮೆಯಾದರು.

ಕಥೆ ಹೇಳುವ ಕೆಲಸ ನನ್ನದು. ಕೇಳಿದ್ದನ್ನು ಅವರು ಹಾಗೆಯೇ ನಂಬುತ್ತಿದ್ದರು. ಮಗುವಿನ ಮಣ್ಣಿನ ಬಂಡಿಗೆ ತನ್ನ ಒಡವೆಯನ್ನೆಲ್ಲ ತುಂಬಿದವಳ ಕೊರಳನ್ನು ಬರಿದಾಗಿ ಬಿಟ್ಟರು. ಸಂಘದವರು ಒಂದು ಹಾರವಾದರೂ ಇರಲಿ ಎಂದರೆ, ಕೊಟ್ಟದ್ದು ಕೊಟ್ಟಾಯಿತಲ್ಲ ಎಂದರು. ಗಂಡನ ಕನಸಿನೊಳಗೆ ಬಂದು ಹೋದವಳನ್ನು ಅರ್ಧ ಬಾಗಿಲ ಹಿಂದೆ ನಿಲ್ಲಿಸಿದರು. ಮೂರನೆಯವಳು ಉಂಗುರ ಕಳೆದುಕೊಂಡು, ತುಂಬಿದ ಬಸುರಿಯಾಗಿ ಆಸ್ಥಾನಕ್ಕೆ ಬಂದಾಗ ಗಂಡನಿಂದಲೇ ನೀನು ಯಾರು ಎನ್ನಿಸಿಕೊಂಡವಳು. ಉಂಗುರ ನುಂಗಿದ್ದು ಯಾವ ಮೀನು ಎಂದು ತಾರಾನಾಥರು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಂದಿನಿಂದ ನನ್ನ ಪಾಂಡಿತ್ಯದ ಮೇಲೆ ಅವರಿಗೆ ಸಣ್ಣ ಸಂಶಯ. ಅವಳಿಗೆ ಹರಿಣಾಕ್ಷಿಯವರ ನಿಲುವು ಕೊಟ್ಟರು: ಎಡಗೈ ಸೊಂಟದ ಮೇಲೆ, ನೋಟ ನೇರ.

ನೋಟವೇ ತಕರಾರಾಯಿತು. ಸಂಘದ ಕಾರ್ಯದರ್ಶಿ ಸುಕೇಶ್ ಮಣಿಪಾಲದಲ್ಲಿ ಅಧ್ಯಾಪಕ, ನಮ್ಮ ನಾಟಕಗಳ ನಿರ್ದೇಶಕ. ಗೋಡೆಯೆದುರು ಬಹಳ ಹೊತ್ತು ನಿಂತು ನನ್ನ ಕಡೆ ತಿರುಗಿದ.

"ನಾಯಕಿ ಅಂದ ಮೇಲೆ ಲಜ್ಜೆ ಬೇಡವಾ ಮಾರಾಯ್ರೆ? ಇವರು ಮೂವರೂ ಬಸ್ಸಿನಲ್ಲಿ ಟಿಕೆಟ್ ಕೇಳುವ ಹಾಗೆ ನೋಡ್ತಾರೆ. ಆ ಮೂರನೆಯವಳಾದರೂ ತಲೆ ತಗ್ಗಿಸಬೇಕು."

ಸಮಿತಿ ಸೇರಿತು. ವಾರದೊಳಗೆ ಅವಳ ಕಣ್ಣು ತಗ್ಗದಿದ್ದರೆ ಇಡೀ ಗೋಡೆಗೆ ಸುಣ್ಣ ಬಳಿಯುವುದೆಂದು ನಿರ್ಣಯವಾಯಿತು. ನಾನು ಕೈ ಎತ್ತಲಿಲ್ಲ. ಎತ್ತಿದವರನ್ನು ತಡೆಯಲೂ ಇಲ್ಲ. ಸುದ್ದಿ ಮುಟ್ಟಿಸಲು ಉಪಾಧ್ಯಕ್ಷನೇ ಹೋದ.

ತಾರಾನಾಥರು ಅಟ್ಟಣಿಗೆ ಮೇಲಿದ್ದರು. ಹೇಳಿದ್ದನ್ನು ಪೂರ್ತಿ ಕೇಳಿ ಕೆಳಗಿಳಿದರು. ತನಗೆ ಕೆಲಸ ಕಲಿಸಿದ ದೇಜಪ್ಪಣ್ಣ ಒಂದೇ ನಿಯಮ ಹೇಳಿದ್ದರಂತೆ: ದೋಣಿಯ ಮೇಲಿನ ಕಣ್ಣು ದೇವಿಯದ್ದಿರಲಿ, ಮೀನಿನದ್ದಿರಲಿ, ಕೆಳಗೆ ನೋಡಬಾರದು, ಮುಂದಿನ ಬಂಡೆ ಕಾಣುವುದು ಹೇಗೆ? ತಗ್ಗಿದ ಕಣ್ಣನ್ನು ತಾನು ಈವರೆಗೆ ಒಂದೂ ಬರೆದಿಲ್ಲ ಎಂದರು. ಆದರೂ ಸುಣ್ಣದ ಮಾತು ತಟ್ಟಿತ್ತು. ಕುಂಚ ಅದ್ದಿ ಮತ್ತೆ ಮೇಲೆ ಹತ್ತಿ, ಅವಳ ರೆಪ್ಪೆಯ ಹತ್ತಿರ ಕೈ ಹಿಡಿದು ನಿಂತರು. ಬಣ್ಣ ತೊಟ್ಟಿಕ್ಕಿ ಮೊಣಕೈವರೆಗೆ ಇಳಿಯಿತು. ಗೋಡೆಗೆ ತಾಗಿಸಲಿಲ್ಲ.

"ಇವಳು ಎಂತ ತಪ್ಪು ಮಾಡಿದ್ದು?" ಎಂದು ಮೇಲಿಂದಲೇ ಕೇಳಿದರು.

"ಏನೂ ಇಲ್ಲ," ಎಂದೆ, ಕೆಳಗೆ ಕೂತಲ್ಲಿಂದಲೇ.

"ಮರೆತದ್ದು ಅವನಲ್ವಾ?"

"ಹೌದು."

ಇನ್ನು ನಾಲ್ಕು ದಿನ ಯಾರೂ ಬರಬಾರದು ಎಂದರು.

ಐದನೆಯ ದಿನ ಸುಕೇಶನೊಂದಿಗೆ ಹೋದೆ. ಅವಳು ಇದ್ದ ಹಾಗೆಯೇ ಇದ್ದಳು, ಕೈ ಸೊಂಟದ ಮೇಲೆ, ಕಣ್ಣು ನೇರ. ಅವಳೆದುರು, ಹೆಚ್ಚಾದ ಮೂವರನ್ನು ಅಳಿಸಿದ್ದ ಖಾಲಿ ಜಾಗದಲ್ಲಿ ಹೊಸದಾಗಿ ಒಂದು ಸಿಂಹಾಸನ ಬಂದಿತ್ತು. ಅದರ ಮೇಲೆ ರಾಜ, ಗಲ್ಲ ಎದೆಗೆ ತಾಗುವಷ್ಟು ತಲೆ ತಗ್ಗಿಸಿ, ತನ್ನ ಕಾಲ್ಬೆರಳು ನೋಡುತ್ತ ಕೂತಿದ್ದ. ಅವನು ಹಾಗೆ ಕೂತದ್ದರಿಂದ ಅವಳ ನೋಟಕ್ಕೆ ಒಂದು ಜಾಗ ಸಿಕ್ಕಿತ್ತು. ಸುಕೇಶ್ ಸುಣ್ಣದ ಮಾತು ಮತ್ತೆ ಎತ್ತಲಿಲ್ಲ. ಆ ಸಂಜೆಯ ತಾಲೀಮಿನಲ್ಲಿ ನಾಯಕಿಯ ಪಾತ್ರಧಾರಿಗೆ ತಲೆ ಎತ್ತಿ ನಿಲ್ಲಲು ಹೇಳಿದನಂತೆ. ಅದು ತನಗೇ ಹೊಳೆದದ್ದೆಂದು ಈಗಲೂ ಹೇಳುತ್ತಾನೆ. ಚಿತ್ರ ಗೋಡೆಯ ಮೇಲೆ ಗಟ್ಟಿಯಾಗಿ ಉಂಟು. ತಾರಾನಾಥರು ತಿಂಗಳಿಗೊಮ್ಮೆ ಹೆಜಮಾಡಿಯಿಂದ ಎರಡು ಬಸ್ಸು ಬದಲಿಸಿ ಬಂದು, ಎರಡನೆಯ ಸಲ, ಮೂರನೆಯ ಸಲ, ಹತ್ತನೆಯ ಸಲ ನೋಡಿ ಹೋಗುತ್ತಾರೆ.

ನನಗೆ ಮಾತ್ರ ಆ ರಾಜನನ್ನು ನೋಡಿದಾಗಲೆಲ್ಲ ಇರಿಸುಮುರಿಸು. ಕಿರೀಟ ಪಕ್ಕಕ್ಕೆ ಇಟ್ಟಿದ್ದ, ಬಗ್ಗಿದ ನೆತ್ತಿಯ ಮೇಲೆ ಕೂದಲು ಏಳೆಂಟೇ ಎಳೆ, ಹೊಟ್ಟೆ ರಾಜರದ್ದಲ್ಲ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಅಲ್ಲ ತಾರಾನಾಥರೇ, ಈ ರಾಜನಿಗೆ ನನ್ನ ರೂಪ ಯಾಕೆ ಕೊಟ್ಟಿರಿ?"

ಅವರು ಒಮ್ಮೆ ಗೋಡೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

"ತಗ್ಗಿದ ತಲೆ ಬರೆದು ನನಗೆ ಅಭ್ಯಾಸ ಇರಲಿಲ್ಲ. ಸುಣ್ಣದ ಸುದ್ದಿ ಹೇಳಿ ನೀವು ಕೂತಿದ್ದಿರಿ, ಅದನ್ನೇ ನೋಡಿ ಬರೆದೆ."