ಅತಿಥಿಗಳು ತಿಂದ ಹಡಗು

ಅಂಗಳ ಗುಡಿಸಿ, ಹಾಲು ಕಾಸಿ, ಅತ್ತೆಯವರಿಗೆ ಚಹಾ ಕೊಟ್ಟು, ರೊಟ್ಟಿಯ ಹಂಚು ಕಾಯುವಷ್ಟರಲ್ಲಿ ಮಗಳ ಜಡೆ ಹೆಣೆಯುವುದು ನನ್ನ ಬೆಳಗಿನ ಕ್ರಮ. ಆ ದಿನವೂ ಎಲ್ಲ ಹಾಗೆಯೇ ಆಯಿತು. ಆದರೆ ಎಣ್ಣೆಗಾಯಿಗೆಂದು ತಂದ ಬದನೆಕಾಯಿಗಳಲ್ಲಿ ಉದ್ದನೆಯದೊಂದನ್ನು ಸೀಳಿ, ತಿರುಳು ಕೆರೆದು ದೋಣಿ ಮಾಡುತ್ತ ಕುಳಿತಿದ್ದೆ. ಅತ್ತೆಯವರು ಅದನ್ನೇ ದಿಟ್ಟಿಸಿ, ಇವತ್ತು ಪಲ್ಯ ನೀರಿನ ಪಾಲೇನು ಎಂದು ಕೇಳಿದರು.

ಮಗಳ ಶಾಲೆಯಲ್ಲಿ ವಸ್ತುಪ್ರದರ್ಶನ. ದೋಣಿ, ಹಡಗುಗಳು ಬೆಳೆದು ಬಂದ ಬಗೆಯನ್ನು ಅವಳು ತೋರಿಸಬೇಕಿತ್ತು. ಸವಣೂರಿನ ನಮಗೂ ಸಮುದ್ರಕ್ಕೂ ಏನು ಸಂಬಂಧ? ನಾನು ಕಂಡ ಅತಿ ದೊಡ್ಡ ನೀರೆಂದರೆ ಮಾಸೂರಿನ ಮದಗದ ಕೆರೆ. ಹಡಗನ್ನು ಕಂಡದ್ದು ನಾನು ಓದಿದ ಕಾನ್ವೆಂಟಿನ ಗೋಡೆಯ ಚಿತ್ರಪಟದಲ್ಲಿ. ಮೊದಲು ದಿಮ್ಮಿ, ಆಮೇಲೆ ಕೊರೆದ ದೋಣಿ, ಆಮೇಲೆ ಹಾಯಿ, ಕೊನೆಗೆ ಹೊಗೆ ಎಂದು ಸಿಸ್ಟರ್ ಕೋಲಿಟ್ಟು ತೋರಿಸುತ್ತಿದ್ದರು. ಹಾಯಿಯ ತುದಿಯಲ್ಲಿ ನೊಣ ಬಿಟ್ಟುಹೋದ ಚುಕ್ಕೆಯೊಂದಿತ್ತು. ಅದನ್ನು ಬಹಳ ದಿನ ನಾವಿಕನೆಂದೇ ನಂಬಿದ್ದೆ.

ಬಾಳೆದಿಂಡಿನ ತೆಪ್ಪ, ಬದನೆಯ ದೋಣಿ ಸಿದ್ಧವಾದವು. ಹಳೆಯ ಸೋಪಿನ ಡಬ್ಬಿಯ ಮೇಲೆ ಧೂಪ ಇಟ್ಟಾಗ ಉಗಿಹಡಗೂ ಆಯಿತು. ಹಾಯಿಹಡಗಿಗೆ ಅರ್ಧ ತೆಂಗಿನಕಾಯಿ ಇತ್ತು, ಊದುಬತ್ತಿಯ ಕಡ್ಡಿ ಇತ್ತು, ಹಾಯಿಯೊಂದು ಇರಲಿಲ್ಲ. ಎಲೆತೋಟದ ಮನೆಯವರಾದ ಪಕ್ಕದಾಕೆ ಗೋಡೆಯ ಮೇಲಿಂದ ಎಳೆಯದೊಂದು ವೀಳ್ಯದೆಲೆ ಕೊಟ್ಟರು. ಕಡ್ಡಿಗೆ ಚುಚ್ಚಿದರೆ ಗಾಳಿ ತುಂಬಿದ ಹಾಯಿಯೇ. ಹಡಗು ಒಂದು ಕಡೆ ವಾಲುತ್ತಿತ್ತೆಂದು ಒಳಗೆ ಸರಕಿನಂತೆ ಅಡಿಕೆ ಬೆಟ್ಟೆ ಇಟ್ಟು ಸಮ ಮಾಡಿದೆ.

ನಾಲ್ಕೂ ತೇಲಿದರೆ ಮಗಳಿಗೆ ಹಾವೇರಿಯ ಪ್ರದರ್ಶನಕ್ಕೆ ಹೋಗುವ ಅವಕಾಶ, ಒಂದು ವಾಲಿದರೂ ಇಲ್ಲ ಎಂದು ವಿಜ್ಞಾನದ ಟೀಚರ್ ಹೇಳಿದ್ದರು. ಹಾವೇರಿ ಎಂದರೆ ಗೆಳತಿಯರ ಜೊತೆ ಬಸ್ಸು, ಕಿಟಕಿಯ ಸೀಟು, ಜೊತೆಗೆ ಅವ್ವ ಇಲ್ಲ. ಆ ಆಸೆಗೆ ಅವಳು ರಾತ್ರಿ ನಿದ್ದೆಯಲ್ಲೂ ತೆಪ್ಪ, ತೆಪ್ಪ ಎನ್ನುತ್ತಿದ್ದಳು.

ನಾವು ಶಾಲೆ ಮುಟ್ಟಿದಾಗ ದೊಡ್ಡ ಬೋಗುಣಿಗೆ ಇನ್ನೂ ನೀರು ತುಂಬುತ್ತಿದ್ದರು. ಮಗಳು ಹಡಗುಗಳಿದ್ದ ಸ್ಟೀಲಿನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಬದನೆಕಾಯಿ ಉರುಳದಿರಲೆಂದು ತಲೆ ತಗ್ಗಿಸಿ ನೋಡುತ್ತ ನಿಂತಿದ್ದಳು. ಅಷ್ಟರಲ್ಲಿ ಉದ್ಘಾಟನೆಗೆ ಅತಿಥಿಗಳಾಗಿ ಬಂದ ರುಮಾಲಿನ ಹಿರಿಯರೊಬ್ಬರು ಬಾಗಿಲಲ್ಲಿ ಕಾಣಿಸಿಕೊಂಡರು. ತಲೆಬಾಗಿದ ಹುಡುಗಿ, ಕೈಯಲ್ಲಿ ತಟ್ಟೆ, ಅದರಲ್ಲಿ ಕಾಯಿ, ಎಲೆ, ಅಡಿಕೆ. ನಮ್ಮ ಕಡೆಯ ಹಿರಿಯರು ಇದನ್ನು ಸ್ವಾಗತದ ತಾಂಬೂಲವೆಂದಲ್ಲದೆ ಬೇರೆ ಏನೆಂದು ತಿಳಿದಾರು? ಅವಳ ತಲೆಯ ಮೇಲೆ ಕೈಯಿಟ್ಟು ಹರಸಿದರು. ಹಾಯಿಯನ್ನು ಕಡ್ಡಿಯಿಂದ ಬಿಡಿಸಿ, ಧೋತರಕ್ಕೆ ಒರೆಸಿ, ತೊಟ್ಟು ಮುರಿದು, ಸರಕಿನ ಸಮೇತ ಬಾಯಿಗೆ ಹಾಕಿಕೊಂಡರು. ಉಳಿದ ಹಡಗನ್ನು, ಹಿಡೀರಿ ಎಂದು ಹೆಡ್‌ಮಾಸ್ತರರ ಕೈಗೆ ಕೊಟ್ಟರು.

"ಅದು ನಮ್ಮ ಹಡಗ್ರೀ, ಅಜ್ಜಾರ," ಎಂದಳು ಮಗಳು.

ಅಗಿಯುವುದು ನಿಂತಿತು. ಉಗುಳಲು ಜಾಗ ಹುಡುಕಿದರು, ಸಿಗಲಿಲ್ಲ. ನುಂಗಿದರು.

ನೀರಿಗಿಟ್ಟರೆ ತೆಪ್ಪ ತೇಲಿತು, ಬದನೆ ತೇಲಿತು. ಸರಕು ಕಳೆದುಕೊಂಡ ತೆಂಗಿನಕಾಯಿ ಮಾತ್ರ ವಾಲಿತು. ಮಗಳು ಬೆರಳಿನಿಂದ ಅದನ್ನು ನೆಟ್ಟಗೆ ಹಿಡಿದಳು, ಬಿಟ್ಟೊಡನೆ ಮತ್ತೆ ವಾಲಿತು. ಹಿರಿಯರು ಮೆಲ್ಲಗೆ ಮುಂದೆ ಬಂದು, ಕಿಸೆಯಿಂದ ಸಂಚಿ ತೆಗೆದು, ತಮ್ಮದೇ ಅಡಿಕೆಯನ್ನು ಅದರೊಳಗೆ ಇಳಿಸಿದರು. ಹಡಗು ನೆಟ್ಟಗಾಯಿತು. ಸಂಚಿಯಲ್ಲಿ ಎಲೆ ಮಾತ್ರ ಮುಗಿದಿತ್ತಂತೆ. ಅದಕ್ಕೇ ಆ ಆತುರ.

"ಹಾಯಿ ಎಲ್ಲೈತಿ?" ಎಂದರು ಟೀಚರ್.

ಮಗಳು ಹಿರಿಯರ ಬಾಯಿಯ ಕಡೆ ಒಮ್ಮೆ ನೋಡಿದಳು. "ಹಾಯಿ ಹೋದ ಮ್ಯಾಲನ ಉಗಿಹಡಗ ಬಂದದ್ರಿ ಟೀಚರ್," ಎಂದು ಧೂಪ ಹಚ್ಚಿಸಿದಳು. ಸೋಪಿನ ಡಬ್ಬಿ ಗಂಭೀರವಾಗಿ ಹೊಗೆ ಬಿಡುತ್ತ ಹೊರಟಿತು. ಧೂಪದ ವಾಸನೆಗೆ ಹಿರಿಯರು ರೂಢಿಯಂತೆ ಕೈ ಮುಗಿದರು. ಅವರನ್ನು ನೋಡಿ ಹೆಡ್‌ಮಾಸ್ತರರೂ ಮುಗಿದರು. ಟೀಚರ್ ನಗು ತಡೆಯಲಾರದೆ ಹಾವೇರಿಗೆ ಒಪ್ಪಿದರು, ಅಲ್ಲಿ ಹಾಯಿ ಬಟ್ಟೆಯದೇ ಇರಬೇಕೆಂಬ ಕರಾರಿನ ಮೇಲೆ.

ಸಂಜೆ ಗೋಡೆಯ ಹತ್ತಿರ ನಿಂತು ಪಕ್ಕದಾಕೆಗೆ ಇದನ್ನೆಲ್ಲ ಹೇಳಿದೆ. ಅವರು ಮೆಂತ್ಯದ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಬರೇ ಎಲಿ ಕಳಿಸಿದ್ರೇನು? ಒಂಚೂರು ಸುಣ್ಣಾನೂ ಹಚ್ಚೂದಲ್ರಿ, ಅಕ್ಕಾರ."