ಸದ್ದು ಕೇಳಿ ಕೊಂಡ ಕ್ಯಾಮೆರಾ

ನಮ್ಮ ವಕೀಲಮ್ಮನ ಬಲಹುಬ್ಬು ಎಡಹುಬ್ಬಿಗಿಂತ ತೆಳ್ಳಗಿತ್ತು. ನಡುವೆ ಕೂದಲು ಸವೆದು, ಬೆರಳಗಲದ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಕ್ಯಾಮೆರಾವನ್ನು ಕಣ್ಣಿಗೆ ಒತ್ತಿ ಒತ್ತಿ ಹಾಗಾದದ್ದಂತೆ. ಅವರು ಕಾಸರಗೋಡಿನವರು. ಸರ್ಕಾರದ ಪರ ಕೋರ್ಟಿನಲ್ಲಿ ವಾದಿಸಿ ನಿವೃತ್ತರಾಗಿ, ತಿರುವನಂತಪುರದ ಪಟ್ಟಂನಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಬ್ಯಾಂಕಿನ ವರ್ಗಾವಣೆಯ ಮೇಲೆ ಮೈಸೂರಿನಿಂದ ಬಂದಿಳಿದ ನನಗೆ ಆ ಕಟ್ಟಡದಲ್ಲಿ ಕನ್ನಡ ಬಲ್ಲ ನೆರೆಯವರೆಂದರೆ ಅವರೊಬ್ಬರೇ.

ತರಕಾರಿ ತರಲು ಹೊರಟರೂ ಅವರ ಕೊರಳಲ್ಲಿ ರೀಲು ಹಾಕುವ ಕಾಲದ ಹಳೆಯ ಕ್ಯಾಮೆರಾ ತೂಗುತ್ತಿತ್ತು. ಅದರೊಳಗೆ ರೀಲು ಇರುತ್ತಿದ್ದದ್ದು ಮಾತ್ರ ಅಪರೂಪ. ಖಾಲಿ ಕ್ಯಾಮೆರಾದಲ್ಲೇ ನುಗ್ಗೆಮರ, ಆಟೋದವನ ನಿದ್ದೆ, ತಂತಿಯ ಮೇಲೆ ಒಣಗುವ ಮುಂಡುಪಂಚೆ ಎಲ್ಲವನ್ನೂ ನೋಡಿ, ಗುಂಡಿ ಒತ್ತಿ, ಕೆಲಸ ಮುಗಿಯಿತೆಂಬಂತೆ ಮುಂದೆ ನಡೆಯುತ್ತಿದ್ದರು. ಇದೆಂಥ ಹುಚ್ಚು ಎಂದು ಒಮ್ಮೆ ಕೇಳಿಯೇಬಿಟ್ಟೆ. "ನೋಡಿ ಆಯ್ತಲ್ಲ ಮಾರಾಯ್ತಿ, ಇನ್ನು ಕಾಗದದ ಮೇಲೆ ಎಂತಕ್ಕೆ?" ಎಂದರು.

ನನ್ನ ಮಗನಿಗೆ ಆಗ ನಾಲ್ಕು ವರ್ಷ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಕಿವಿ ಚೆನ್ನಾಗಿದೆ, ಇದು ಆಟಿಸಂ, ನಿಧಾನವಾಗಿ ಕಲಿಸಬೇಕು ಎಂದು ಡಾಕ್ಟರು ಹೇಳಿದ್ದರು. ಕಲಿಸುವವರಲ್ಲಿಗೆ ವಾರವಾರವೂ ಕರೆದೊಯ್ಯುತ್ತಿದ್ದೆವು. ಮೈಸೂರಿನಿಂದ ನನ್ನ ಅಮ್ಮ ವೀಡಿಯೊ ಕರೆ ಮಾಡಿ, ಒಂದು ಸಲ ಈ ಕಡೆ ನೋಡೋ ಕಂದ ಎಂದು ಗೋಗರೆಯುವಾಗ ಅವನು ಫ್ಯಾನು ನೋಡುತ್ತಿದ್ದ. ನನ್ನ ಫೋನಿನ ತುಂಬ ಅವನ ಫೋಟೋಗಳೇ. ಎಲ್ಲದರಲ್ಲೂ ಅವನ ಕೆನ್ನೆ, ಕಿವಿ, ಬೆನ್ನು. ಎರಡು ಕಣ್ಣೂ ನನ್ನನ್ನು ನೋಡುತ್ತಿರುವ ಒಂದೇ ಒಂದು ಫೋಟೋ ನನಗೆ ಬೇಕಿತ್ತು. ಒಳ್ಳೆಯ ಕ್ಯಾಮೆರಾ ಇದ್ದರೆ, ಅವನು ಅಪ್ಪಿತಪ್ಪಿ ತಿರುಗಿದ ಕ್ಷಣವನ್ನಾದರೂ ಹಿಡಿದುಕೊಳ್ಳಬಹುದು ಎಂಬ ಆಸೆ ಹುಟ್ಟಿತು.

ನನ್ನ ಗಂಡ ಮಿಕ್ಸಿ ಕೊಳ್ಳುವುದಕ್ಕೂ ಪರೀಕ್ಷೆಗೆ ಓದುವ ಹಾಗೆ ಓದುವವರು. ಮೆಗಾಪಿಕ್ಸೆಲ್ಲು, ಲೆನ್ಸು ಎಂದು ತಿಂಗಳುಗಟ್ಟಲೆ ನನ್ನ ತಲೆ ತಿಂದು ಕೊನೆಗೆ ಒಂದು ಹೊಸ ಮಾದರಿಯನ್ನು ನಿಶ್ಚಯಿಸಿದರು. ಅದು ಒಂಚೂರೂ ಸದ್ದು ಮಾಡುವುದಿಲ್ಲ, ಮಗು ಬೆಚ್ಚುವುದಿಲ್ಲ ಎನ್ನುವುದೇ ಅವರ ದೊಡ್ಡ ವಾದ. ವಕೀಲಮ್ಮನಿಗೆ ಹೇಳಿದರೆ, ಹುಡುಗನನ್ನು ಕೇಳಿದಿರಾ ಎಂದರು. ತಮಾಷೆ ಎಂದುಕೊಂಡು ನಕ್ಕೆವು. ಹೈಕೋರ್ಟಿಗೆ ಓಡಾಡುತ್ತಿದ್ದ ಕಾಲದಿಂದ ಅವರಿಗೆ ಎರ್ನಾಕುಲಂನಲ್ಲಿ ಒಂದು ಕ್ಯಾಮೆರಾ ಅಂಗಡಿ ಪರಿಚಯವಿತ್ತು. ಮಗನನ್ನೂ ಕರೆದುಕೊಂಡೇ ಹೋಗುವ ಎಂದು ಹಟ ಹಿಡಿದು, ನಮ್ಮನ್ನೆಲ್ಲ ಬೆಳಗಿನ ರೈಲು ಹತ್ತಿಸಿದರು.

ಅಂಗಡಿಯಲ್ಲಿ ಮಗ ನಮಗೆ ಬೆನ್ನು ಹಾಕಿ ನೆಲದ ಮೇಲೆ ಕೂತು ಲೆನ್ಸಿನ ಮುಚ್ಚಳವೊಂದನ್ನು ಬುಗುರಿಯಂತೆ ತಿರುಗಿಸತೊಡಗಿದ. ಸೇಲ್ಸ್‌ಮನ್ ನನ್ನನ್ನು ಅಕ್ಕಾ ಎನ್ನುವ ಹಾಗೆ ಚೇಚೀ ಚೇಚೀ ಎನ್ನುತ್ತ, ಗಂಡ ಮೆಚ್ಚಿದ ಕ್ಯಾಮೆರಾವನ್ನೇ ಹೊಗಳಿದ. ವಕೀಲಮ್ಮ ಅದನ್ನು ಇಸಿದುಕೊಂಡು, ಸೀರೆ ಸರಿಮಾಡಿಕೊಂಡು ಮಗನ ಹಿಂದೆ ನೆಲದ ಮೇಲೇ ಕೂತರು. ಗುಂಡಿ ಒತ್ತಿದರು. ಸದ್ದಿಲ್ಲ. ಮಗ ತಿರುಗಲಿಲ್ಲ. ಇನ್ನೊಂದು ತರಿಸಿದರು, ಮತ್ತೊಂದು ತರಿಸಿದರು. ಸೇಲ್ಸ್‌ಮನ್ ನನ್ನ ಗಂಡನ ಮುಖ ನೋಡಿದ, ಗಂಡ ನನ್ನ ಮುಖ ನೋಡಿದರು. ಕಡೆಗೆ ವಕೀಲಮ್ಮ ಗಾಜಿನ ಕಪಾಟಿನ ಕೆಳಗಿನ ಸಾಲಿನಿಂದ, ಈಗೀಗ ಯಾರೂ ಕೇಳದ ಡಿಎಸ್‌ಎಲ್‌ಆರ್ ಒಂದನ್ನು ತೆಗೆಸಿದರು. ಒಳಗಿನ ಕನ್ನಡಿ ಎದ್ದು ಬೀಳುವ ಕ್ಯಾಮೆರಾ ಅದು. ಒತ್ತಿದರೆ ಟಕ್ಕೆಂದು ಗಟ್ಟಿ ಸದ್ದು. ಮಗನ ಕೈಯಲ್ಲಿ ಮುಚ್ಚಳ ನಿಂತಿತು. ಅವನು ತಿರುಗಿದ. ಅವನು ಮತ್ತೆ ಆಟಕ್ಕಿಳಿಯುವವರೆಗೆ ಕಾದು ಇನ್ನೊಮ್ಮೆ ಒತ್ತಿದರು. ಮತ್ತೆ ತಿರುಗಿದ.

"ಮೊನ್ನೆ ನಮ್ಮ ತಾರಸಿಯಲ್ಲಿ ನನ್ನ ಕ್ಯಾಮೆರಾದ ಸದ್ದಿಗೆ ತಿರುಗಿದ್ದ. ಅದಕ್ಕೆ ಮಾತ್ರವಾ, ಬೇರೆಯದಕ್ಕೂ ಉಂಟಾ ಅಂತ ನೋಡದೆ ನಿಂಗೆ ಆಸೆ ಹುಟ್ಟಿಸ್ಲಿಕ್ಕೆ ನಂಗೆ ಧೈರ್ಯ ಬರ್ಲಿಲ್ಲ" ಎಂದರು.

ಹೆತ್ತ ನಾನು, ಓದಿಕೊಂಡ ಗಂಡ, ಯಾರೂ ಕಾಣದ್ದನ್ನು ಇವರು ರೀಲಿಲ್ಲದ ಕ್ಯಾಮೆರಾ ಹಿಡಿದು ಕಂಡಿದ್ದರು. ನನ್ನ ಗಂಡ ಆ ಕ್ಯಾಮೆರಾವನ್ನೇ ಕಟ್ಟಿಸಿಕೊಂಡರು.

ಪಟ್ಟಂಗೆ ಮರಳಿದ ಮಾರನೆಯ ದಿನವೇ ಕ್ಯಾಮೆರಾವನ್ನು ಕಣ್ಣಿಗಿಟ್ಟು ಒತ್ತಿದೆ. ಮಗ ತಿರುಗಿದ, ನೋಡಿದ, ಹಾಗೇ ಆಚೆ ಹೊರಳಿದ. ವಕೀಲಮ್ಮ ನನ್ನ ಕೈ ಹಿಡಿದು ಕ್ಯಾಮೆರಾವನ್ನು ಹೊಟ್ಟೆಯ ಮಟ್ಟಕ್ಕೆ ಇಳಿಸಿದರು. "ತಿರುಗಿದಾಗ ಅವನಿಗೆ ಈ ಕರಿ ಡಬ್ಬ ಸಿಕ್ಕಿದ್ರೆ ಎಂತ ಬಂತು? ನಿನ್ನ ಮುಖ ಸಿಗ್ಲಿ. ಫೋಟೋ ಹಾಳಾಗಿ ಹೋಗ್ಲಿ."

ಎಲ್ಲಿಗೋ ಹಿಡಿದು ಒತ್ತಿದೆ. ಮಗನ ಕಣ್ಣು ಸದ್ದನ್ನು ಹುಡುಕುತ್ತ ಕ್ಯಾಮೆರಾಕ್ಕೆ ಬಂತು, ಅಲ್ಲಿಂದ ಮೇಲೇರಿ ನನ್ನ ಮುಖಕ್ಕೆ ಬಂದು ನಿಂತಿತು. ಉಸಿರು ಬಿಡಲೂ ಹೆದರಿದೆ. ಅವನ ಎಡಗಣ್ಣಿನಲ್ಲಿ ಒಂದು ಸಣ್ಣ ಕಂದು ಚುಕ್ಕೆಯಿದೆ ಎಂದು ನನಗೆ ಅಂದು ಗೊತ್ತಾಯಿತು. ಆ ಫೋಟೋದಲ್ಲಿ ಬಂದಿರುವುದು ಮೇಜಿನ ಕಾಲು ಮತ್ತು ಅರ್ಧ ಚಪ್ಪಲಿ. ಅದಕ್ಕೇ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದ್ದೇನೆ. ಬಂದವರು ಇದೇನೆಂದು ಕೇಳಿದರೆ ನನ್ನ ಗಂಡ ಮಾಡರ್ನ್ ಆರ್ಟ್ ಎಂದು ಹೇಳಿ ಪಾರಾಗುತ್ತಾರೆ.

ಆಮೇಲೆ ನನಗೆ ಎರ್ನಾಕುಲಂಗೆ ವರ್ಗವಾಗಿ ಅಲ್ಲಿನ ಕಳಮಶ್ಶೇರಿಯಲ್ಲಿ ಮನೆ ಮಾಡಿದೆವು. ವಕೀಲಮ್ಮ ಫೋನು ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು, ಹುಡುಗ ನೋಡ್ತಾನಾ ಎಂದು. ಅಷ್ಟರಲ್ಲಿ ಕ್ಯಾಮೆರಾ ಅವನ ಕೈಗೇ ಹೋಗಿತ್ತು. ಮಾತು ಇನ್ನೂ ಕಡಿಮೆ. ನನ್ನನ್ನು ಕರೆಯಬೇಕಾದರೆ ಅಡುಗೆಮನೆಗೆ ಬಂದು ನನ್ನ ಕಿವಿಯ ಹತ್ತಿರ ಟಕ್ಕೆನ್ನಿಸಿ, ನಾನು ತಿರುಗುವವರೆಗೆ ಕಾಯುತ್ತಿದ್ದ.

ಕಳೆದ ವರ್ಷ ವಕೀಲಮ್ಮ ತೀರಿಕೊಂಡ ಸುದ್ದಿ ಬಂದಾಗ ಅವನನ್ನು ಕರೆದುಕೊಂಡೇ ಹೋದೆ. ಪಟ್ಟಂನ ಫ್ಲ್ಯಾಟಿನ ನಡುಮನೆಯಲ್ಲಿ ಅವರನ್ನು ಚಾಪೆಯ ಮೇಲೆ ಮಲಗಿಸಿ, ತಲೆಯ ಬಳಿ ದೀಪ ಹಚ್ಚಿಟ್ಟಿದ್ದರು. ಮಗ ಕ್ಯಾಮೆರಾ ಹಿಡಿದು ಅವರ ಪಕ್ಕ ಮಂಡಿಯೂರಿದ. ಕಿವಿಯ ಹತ್ತಿರ ಒಮ್ಮೆ ಒತ್ತಿದ. ಕಾದ. ಊರಿನಿಂದ ಬಂದ ಯಾರೋ ಅವನನ್ನು ಎಬ್ಬಿಸಲು ಎದ್ದರು. ವಕೀಲಮ್ಮನ ತಂಗಿ ಬೇಡವೆಂದು ಕೈಸನ್ನೆ ಮಾಡಿದರು. ಇನ್ನೊಮ್ಮೆ ಒತ್ತಿದ. ಮತ್ತೆ ಕಾದ. ಕೂದಲು ಸವೆದ ಆ ಹುಬ್ಬನ್ನು ಬಹಳ ಹೊತ್ತು ನೋಡಿದ.

ಆಮೇಲೆ ಕ್ಯಾಮೆರಾವನ್ನು ನೆಲದ ಮೇಲಿಟ್ಟು, ತಿರುಗಿ, ನೇರವಾಗಿ ನನ್ನ ಮುಖ ನೋಡಿದ. ನಾನು ಅವನನ್ನು ಕರೆದಿರಲಿಲ್ಲ. ಯಾವ ಸದ್ದೂ ಆಗಿರಲಿಲ್ಲ.